ರೋಗ ಯಾರ ತಲೆಯಲ್ಲಿತ್ತು?



1950ರ ಆಸುಪಾಸು, ಫ್ರಾನ್ಸಿನ ಲಿಯಾನ್ ನಗರ. ಉತ್ತರ ಆಫ್ರಿಕಾದಿಂದ ಕೂಲಿಗೆ ಬಂದ ಅರಬ್ ಕಾರ್ಮಿಕರು ನೋವು ಅಂತ ಆಸ್ಪತ್ರೆಗೆ ಬರ್ತಿದ್ರು. ಎಲ್ಲಿ ಅಂತ ಕೇಳಿದ್ರೆ ಹೊಟ್ಟೆ ಅನ್ನೋರು, ಬೆನ್ನು ಅನ್ನೋರು, ಆಮೇಲೆ ಮೈಯೆಲ್ಲಾ ಅನ್ನೋರು. ಪರೀಕ್ಷೆಯಲ್ಲಿ ಏನೂ ಸಿಗ್ತಿರಲಿಲ್ಲ. ಬಿಳಿ ಡಾಕ್ಟರುಗಳು ಇವರನ್ನು ಸುಳ್ಳರು, ಸೋಮಾರಿಗಳು ಅಂದುಕೊಂಡು, ಅದಕ್ಕೊಂದು ಕಾಯಿಲೆಯ ಹೆಸರಿಟ್ಟು ಕೈತೊಳೆದುಕೊಂಡರು. ಅಲ್ಲೇ ವೈದ್ಯಕೀಯ ಓದುತ್ತಿದ್ದ ಒಬ್ಬ ಕಪ್ಪು ಯುವಕ ಮಾತ್ರ ಇವರು ಊರು, ಮನೆ, ಹೆಂಡ್ತಿ ಮಕ್ಕಳನ್ನ ಬಿಟ್ಟು ಎಂಥಾ ಬದುಕು ಬದುಕ್ತಿದ್ದಾರೆ ಅಂತ ನೋಡಿದ. ನೋವು ಅಲ್ಲಿತ್ತು. ಅದನ್ನೇ 1952ರಲ್ಲಿ ಬರೆದ.

ಆತ ಫ್ರಾಂಟ್ಜ್ ಫ್ಯಾನನ್. 1925ರಲ್ಲಿ ಫ್ರೆಂಚರ ವಸಾಹತು ಮಾರ್ಟಿನಿಕ್ ದ್ವೀಪದಲ್ಲಿ ಹುಟ್ಟಿದವನು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಪರ ಹೋರಾಡಿ ಗಾಯಗೊಂಡು ಪದಕ ಪಡೆದವನು. ಅದೇ ಫ್ರಾನ್ಸಿನಲ್ಲಿ ಒಂದು ಬಿಳಿ ಮಗು ಆತನನ್ನು ನೋಡಿ ಹೆದರಿ ಅಮ್ಮನನ್ನು ಕೂಗಿತು. ಈ ಪ್ರಸಂಗ 'ಬ್ಲ್ಯಾಕ್ ಸ್ಕಿನ್, ವೈಟ್ ಮಾಸ್ಕ್ಸ್' ಪುಸ್ತಕದಲ್ಲಿದೆ. 1952ರ ಪುಸ್ತಕ ಅದು. ಮೊದಲು ಅದನ್ನ ವೈದ್ಯಕೀಯ ಪ್ರಬಂಧವಾಗಿ ಕೊಡೋಕೆ ಹೋದಾಗ ಒಪ್ಪಲಿಲ್ಲ, ಬೇರೆ ವಿಷಯ ಬರೆದು ಪದವಿ ಪಡೀಬೇಕಾಯ್ತು.

ಆ ಕಾಲಕ್ಕೆ ಮನ್ನೋನಿ ಅನ್ನೋ ಫ್ರೆಂಚ್ ಲೇಖಕ, ಮಡಗಾಸ್ಕರಿನ ಜನರ ಮನಸ್ಸಲ್ಲೇ ಅವಲಂಬನೆ ಇದೆ, ಬಿಳಿಯರು ಬರೋ ಮುಂಚೆಯೇ ಇತ್ತು ಅಂತ ವಾದಿಸಿದ್ದ. ಫ್ಯಾನನ್ ಇದನ್ನ ತಿರುಗಿಸಿ ಹಾಕಿದ. ಕೀಳರಿಮೆ ಹುಟ್ಟಿನಿಂದ ಬರಲ್ಲ, ಕೀಳು ಅನ್ನೋನು ಅದನ್ನ ತಯಾರು ಮಾಡ್ತಾನೆ. ಮೊದಲು ದುಡಿಮೆ, ಆಸ್ತಿಯ ಲೆಕ್ಕದಲ್ಲಿ ಶುರುವಾಗಿ ಆಮೇಲೆ ಚರ್ಮದೊಳಕ್ಕೆ ಇಳಿಯುತ್ತೆ. ಫ್ರಾನ್ಸಿಗೆ ಹೊರಟ ಮಾರ್ಟಿನಿಕ್ ಹುಡುಗ 'ರ'ಕಾರ ನುಂಗ್ತೀಯ ಅಂತ ಹಂಗಿಸಿಕೊಳ್ಳಬಾರದು ಅಂತ ಕೋಣೆಯಲ್ಲಿ ಒಬ್ಬನೇ ಕೂತು ಉಚ್ಚಾರ ತೀಡ್ತಾನೆ. ಹಾಸ್ಟೆಲಿಗೆ ಬಂದು 'ಅ'ಕಾರ 'ಹ'ಕಾರ ತಿದ್ದಿಕೊಂಡ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ನಾನೂ ತಿದ್ದಿಕೊಂಡೋನೇ. (ಆದರೆ ಅದೇ ಪುಸ್ತಕದಲ್ಲಿ ಕಪ್ಪು ಹೆಂಗಸರ ಬಗ್ಗೆ ಬರೆದದ್ದು ಕ್ರೂರವಾಗಿದೆ. ಸ್ತ್ರೀವಾದಿಗಳು ಬಯ್ದಿದ್ದು ಸರಿ.)

1953ರಲ್ಲಿ ಅಲ್ಜೀರಿಯಾದ ಬ್ಲಿಡಾ ಮಾನಸಿಕ ಆಸ್ಪತ್ರೆಗೆ ಹೋದ. ಅಲ್ಜೀರಿಯನ್ನರ ಮಿದುಳೇ ಪೂರ್ತಿ ಬೆಳೆದಿಲ್ಲ ಅಂತ ಅಲ್ಲಿನ ಫ್ರೆಂಚ್ ಮನೋವೈದ್ಯರು ಪಾಠ ಮಾಡ್ತಿದ್ದ ಕಾಲ. ಫ್ಯಾನನ್ ಸಭೆ, ಪತ್ರಿಕೆ, ಸಿನಿಮಾ ಅಂತ ವಾರ್ಡುಗಳನ್ನ ಬದಲಾಯಿಸಿದ. ಯುರೋಪಿಯನ್ ಹೆಂಗಸರ ವಾರ್ಡಲ್ಲಿ ಕೆಲಸ ಮಾಡ್ತು, ಮುಸ್ಲಿಂ ಗಂಡಸರ ವಾರ್ಡಲ್ಲಿ ಪೂರ್ತಿ ಸೋತಿತು. ಆತ ರೋಗಿಗಳನ್ನ ದೂರಲಿಲ್ಲ. ತಾನೇ ಫ್ರೆಂಚರ ರೂಢಿಯನ್ನ ಇವರ ಮೇಲೆ ಹೇರಿದೆ ಅಂತ 1954ರಲ್ಲಿ ಸಹೋದ್ಯೋಗಿ ಜೊತೆ ಬರೆದು ಒಪ್ಪಿಕೊಂಡ. ಆಮೇಲೆ ಅವರದೇ ಕಾಫಿ ಅಂಗಡಿ, ಹಬ್ಬ, ಕಥೆ ಹೇಳೋನು ವಾರ್ಡಿಗೆ ಬಂದವು. ಆತನ ಪುಸ್ತಕಕ್ಕಿಂತ ಈ ಸೋಲೇ ನನಗೆ ಹೆಚ್ಚು ಕಲಿಸಿದೆ.

ಅಷ್ಟರಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾಗಿತ್ತು. 1956ರಲ್ಲಿ ರಾಜೀನಾಮೆ ಬರೆದ. ತನ್ನ ನೆಲದಲ್ಲೇ ಪರಕೀಯನಾದವನನ್ನ ಅದೇ ವ್ಯವಸ್ಥೆಗೆ ಹೊಂದಿಸೋ ಚಿಕಿತ್ಸೆ ಸಾಧ್ಯವಿಲ್ಲ ಅನ್ನೋದು ಅದರ ತಿರುಳು. ಮುಂದಿನ ವರ್ಷ ಗಡೀಪಾರು. 1961ರಲ್ಲಿ ರಕ್ತದ ಕ್ಯಾನ್ಸರಿಂದ ತೀರಿಕೊಂಡಾಗ 36 ವರ್ಷ.

ಅದೇ ವರ್ಷ ಬಂದ 'ದಿ ರೆಚೆಡ್ ಆಫ್ ದಿ ಅರ್ತ್' ಪುಸ್ತಕವನ್ನ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಓದಿದ್ರು. ಅವರ ಹೆಸರನ್ನೇ 1972ರಲ್ಲಿ ಮುಂಬಯಿಯ ದಲಿತ್ ಪ್ಯಾಂಥರ್ಸ್ ತಗೊಂಡರು. ನಮ್ಮೋರು ಸಾಮಾನ್ಯವಾಗಿ ಹಿಂಸೆಯ ಬಗೆಗಿನ ಮೊದಲ ಅಧ್ಯಾಯ ಓದಿ ನಿಲ್ಲಿಸ್ತಾರೆ. ರೋಗಿಗಳ ಅಧ್ಯಾಯಾನೂ ಓದಿ. ಅಲ್ಲೊಬ್ಬ ಯುರೋಪಿಯನ್ ಪೊಲೀಸ್ ಅಧಿಕಾರಿ ಇದ್ದಾನೆ. ದಿನವಿಡೀ ಅಲ್ಜೀರಿಯನ್ನರಿಗೆ ಚಿತ್ರಹಿಂಸೆ ಕೊಟ್ಟು, ಮನೆಗೆ ಹೋಗಿ ಹೆಂಡ್ತಿ ಮಕ್ಕಳನ್ನೂ ಹೊಡೀತಿದ್ದ. ಡಾಕ್ಟರ್ ಹತ್ರ ಬಂದ. ಕೆಲಸ ಬಿಡೋ ಯೋಚನೆ ಅವನಿಗಿರಲಿಲ್ಲ. ಮನಸ್ಸು ಕೆಡದ ಹಾಗೆ ಹಿಂಸೆ ಕೊಡೋಕೆ ಸಹಾಯ ಮಾಡಿ ಅಂತ ಕೇಳಿದ.