ಸೂರ್ಯನ ಧ್ರುವದಲ್ಲಿ ಚಿಮ್ಮುವ ಜೆಟ್, ಪ್ಲೂಮ್: ಏನಿವು? ಅಹಮದಾಬಾದ್‌ಗೇನು ನಂಟು?

ಸೂರ್ಯನ ಹೊರ ವಾತಾವರಣವೇ ಕರೋನಾ. ಸೂರ್ಯನ ಮೇಲ್ಮೈ ತಾಪಮಾನ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಆದರೆ, ಕರೋನಾದಲ್ಲಿ ಅದು 10 ಲಕ್ಷ ಡಿಗ್ರಿ ದಾಟುತ್ತದೆ. ಧ್ರುವಗಳ ಬಳಿ ಇರುವ ಕರೋನಾ ರಂಧ್ರಗಳಲ್ಲಿ ಕಾಂತೀಯ ರೇಖೆಗಳು ಬಾಹ್ಯಾಕಾಶದತ್ತ ತೆರೆದುಕೊಂಡಿರುತ್ತವೆ.

ಅಲ್ಲಿ ಗರಿಯಂತೆ ನೀಳವಾಗಿ ಕಾಣುವ ಪ್ಲೂಮ್‌ಗಳು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಉಳಿಯುತ್ತವೆ. ವಿರುದ್ಧ ದಿಕ್ಕಿನ ಕಾಂತೀಯ ರೇಖೆಗಳು ಕಡಿದು ಮತ್ತೆ ಕೂಡಿಕೊಂಡಾಗ ಚಿಮ್ಮುವ ಜೆಟ್‌ಗಳು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಮಾಯವಾಗುತ್ತವೆ.

ಇದೇ ರಂಧ್ರಗಳಿಂದ ಸೆಕೆಂಡಿಗೆ ಸುಮಾರು 700-800 ಕಿ.ಮೀ. ವೇಗದ ಸೌರ ಮಾರುತ ಹೊರಡುತ್ತದೆ. ಅದಕ್ಕೆ ಜೆಟ್, ಪ್ಲೂಮ್‌ಗಳ ಕೊಡುಗೆ ಎಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸೌರ ಮಾರುತದ ಅಬ್ಬರ ಹೆಚ್ಚಿದರೆ ಭೂಕಾಂತೀಯ ಬಿರುಗಾಳಿ ಎದ್ದು ಉಪಗ್ರಹ, ರೇಡಿಯೋ ಸಂಪರ್ಕ, ವಿದ್ಯುತ್ ಜಾಲಕ್ಕೆ ತೊಂದರೆಯಾಗಬಹುದು. ಹಾಗಾಗಿ ಇದರ ಮೂಲ ತಿಳಿಯುವುದು ಮುಖ್ಯ.

2023ರ ಸೆಪ್ಟೆಂಬರ್ 2ರಂದು ಇಸ್ರೋ ಉಡಾಯಿಸಿದ ಆದಿತ್ಯ-ಎಲ್1 ನೌಕೆ, 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ಎಲ್1 ಕಕ್ಷೆ ಸೇರಿತು. ಸೌರ ಮಾರುತದ ಕಣಗಳನ್ನು ಅಳೆಯುವ ಅದರ 'ಆಸ್ಪೆಕ್ಸ್' ಉಪಕರಣವನ್ನು ರೂಪಿಸಿದ್ದು ಅಹಮದಾಬಾದ್‌ನ ಭೌತ ಸಂಶೋಧನಾ ಪ್ರಯೋಗಾಲಯ (ಪಿಆರ್‌ಎಲ್). 1947ರಲ್ಲಿ ವಿಕ್ರಮ್ ಸಾರಾಭಾಯ್ ಕಟ್ಟಿದ ಸಂಸ್ಥೆ ಇದು. ಕರೋನಾದ ಚಿತ್ರ ತೆಗೆಯುವ 'ವಿಇಎಲ್‌ಸಿ' ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕೊಡುಗೆ.