ಹಿಡಕಲ್ ಸೀಮೆಯ ಅಡುಗೆಮನೆ: ಬೀಸುಕಲ್ಲಿನಿಂದ ರೊಟ್ಟಿ ಯಂತ್ರದವರೆಗೆ

ಜೋಳದ ರೊಟ್ಟಿಯ ಊಟ ತಾಟಿಗೆ ಬರುವ ಮುಂಚೆ ಎಷ್ಟು ಕೆಲಸ ದಾಟಿ ಬರುತ್ತದೆ ಎಂದು ಎಣಿಸಿದರೆ ಸಾಕು, ಬೆಳಗಾವಿ ಜಿಲ್ಲೆಯ ಹಿಡಕಲ್ ಸುತ್ತಲಿನ ಅಡುಗೆಮನೆಗಳ ಚರಿತ್ರೆಗೆ ಬೇರೆ ನಕ್ಷೆ ಬೇಕಿಲ್ಲ. ಜೋಳ ಹಸನು ಮಾಡಬೇಕು, ಬೀಸಬೇಕು. ನೀರು ತರಬೇಕು, ಉರುವಲು ಕೂಡಿಡಬೇಕು. ಎಸರು ಕಾಯಿಸಿ ಹಿಟ್ಟು ನಾದಬೇಕು, ಬಡಿಯಬೇಕು, ಹಂಚಿನ ಮೇಲೆ ಬೇಯಿಸಬೇಕು. ಜೊತೆಗೆ ಪಲ್ಯ, ಬ್ಯಾಳಿ, ಹಿಂಡಿ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಮೂರು ನಾಲ್ಕು ತಲೆಮಾರುಗಳ ಅವಧಿಯಲ್ಲಿ ಈ ಕೆಲಸಗಳು ಒಂದೊಂದಾಗಿ ಹಗುರಾದವು. ಆದರೆ ಎಲ್ಲವೂ ಒಂದೇ ರೀತಿ ಹಗುರಾಗಲಿಲ್ಲ. ಕೆಲವು ಕೆಲಸಗಳು ಹೊಸ್ತಿಲು ದಾಟಿ ಹೊರಗೆ ಹೋದವು. ಹೋದವು ಮತ್ತೆ ಹಿಂದಿರುಗಲಿಲ್ಲ. ಕೆಲವು ಮನೆಯೊಳಗೇ ಉಳಿದು ಯಂತ್ರಕ್ಕೆ ಒಪ್ಪಿಸಲ್ಪಟ್ಟವು. ಅವುಗಳ ಭಾರ ಇಳಿಯಿತು, ಆದರೆ ಯಂತ್ರ ಓಡಿಸುವ ಕೈ ಮೊದಲಿನದೇ ಆಯಿತು. ಅಡುಗೆ ಸುಲಭವಾದದ್ದರ ಲೆಕ್ಕವನ್ನು ಈ ಎರಡು ದಾರಿಗಳನ್ನು ಬೇರೆ ಮಾಡಿಯೇ ನೋಡಬೇಕು.

ಮೊದಲು ಹೊರಗೆ ಹೋದದ್ದು ಬೀಸುವ ಕೆಲಸ

ಬೀಸುಕಲ್ಲಿನ ಮುಂದೆ ಕೂತು ಹಾಡಿದ ಪದಗಳು ಉತ್ತರ ಕರ್ನಾಟಕದ ಜನಪದ ಸಾಹಿತ್ಯದ ದೊಡ್ಡ ಭಂಡಾರ. ಆ ಪದಗಳ ಚೆಲುವನ್ನು ಮೆಚ್ಚುವಾಗ ಅವು ಹುಟ್ಟಿದ ಹೊತ್ತನ್ನೂ ನೆನೆಯಬೇಕು. ಕೋಳಿ ಕೂಗುವ ಮುಂಚೆ ಎದ್ದು, ಅವತ್ತಿನ ರೊಟ್ಟಿಗೆ ಬೇಕಾದಷ್ಟು ಜೋಳವನ್ನು ಅವತ್ತೇ ಬೀಸಬೇಕಿತ್ತು. ಜೋಳದ ಹಿಟ್ಟು ಹಳತಾದರೆ ಕಹಿಯಾಗುತ್ತದೆ, ರೊಟ್ಟಿ ಬಿರಿಯುತ್ತದೆ. ಹಾಗಾಗಿ ಒಮ್ಮೆ ಬೀಸಿ ತಿಂಗಳಿಗಾಗುವಷ್ಟು ಇಟ್ಟುಕೊಳ್ಳುವ ಅನುಕೂಲ ಇರಲಿಲ್ಲ.

ಯಂತ್ರದ ಪರಿಚಯ ಈ ಸೀಮೆಗೆ ಬೇಗ ಆಯಿತು. ಘಟಪ್ರಭಾ ನದಿಯ ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ 1887ರಲ್ಲೇ ತಿರುಗತೊಡಗಿತ್ತು. ಆದರೆ ಘಟಪ್ರಭೆಯ ಬಲ ಹತ್ತಿಯನ್ನು ನೂಲು ಮಾಡಿತೇ ಹೊರತು ಪಕ್ಕದ ಹಳ್ಳಿಯ ಜೋಳವನ್ನು ಹಿಟ್ಟು ಮಾಡಲಿಲ್ಲ. ಆ ಕೆಲಸಕ್ಕೆ ಎಣ್ಣೆ ಎಂಜಿನ್ ಬರಬೇಕಾಯಿತು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಕಟ್ಟಿತು. ಅಂಥ ಡೀಸೆಲ್ ಎಂಜಿನ್ನುಗಳು ಬಾವಿಯ ನೀರೆತ್ತಿದ ಹಾಗೆಯೇ ಊರಿನ ಹಿಟ್ಟಿನ ಗಿರಣಿಯನ್ನೂ ಓಡಿಸಿದವು.

ಗಿರಣಿಯಿಂದಾದ ಲಾಭ ಬರೀ ಸಮಯದ್ದಲ್ಲ. ಬೀಸುವುದು ಹೆಂಗಸರ ಕೆಲಸವಾಗಿತ್ತು. ಗಿರಣಿಗೆ ಹೋಗಿ ಬರುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸವಾಯಿತು. ಜೋಳದ ಚೀಲವನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಹೋಗುವ ಹುಡುಗ, ಸಂತೆಗೆ ಹೊರಟ ಗಂಡಸು, ಶಾಲೆಯಿಂದ ಬಂದ ಮಗಳು, ಎಲ್ಲರೂ ಆ ಕೆಲಸಕ್ಕೆ ಸಂದರು. ಬೀಸುಕಲ್ಲಿನ ಗೂಟ ಹಿಡಿಯದ ಕೈ ಗಿರಣಿಯ ಚೀಲ ಹಿಡಿಯಲು ಹಿಂಜರಿಯಲಿಲ್ಲ. ಇಲ್ಲಿಯ ಅಡುಗೆಮನೆಯ ಚರಿತ್ರೆಯಲ್ಲಿ ಈ ಸಣ್ಣ ಬದಲಾವಣೆಯೇ ಎಲ್ಲಕ್ಕಿಂತ ದೊಡ್ಡದು ಎಂದು ನನ್ನ ಎಣಿಕೆ.

ಕರೆಂಟಿನ ಸಹಕಾರ

ಹುಕ್ಕೇರಿಗೆ ಕರೆಂಟು ಬಂದ ಕಥೆ ದೇಶದಲ್ಲೇ ವಿಶೇಷವಾದದ್ದು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದ ಹೊತ್ತಿನಲ್ಲಿ ದೇಶದ ಐದು ಕಡೆ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳ ಪ್ರಯೋಗ ನಡೆಯಿತು. ಆಗಿನ ಆಂಧ್ರಪ್ರದೇಶದ ಸಿರಿಸಿಲ್ಲ, ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಐದನೆಯದು ಆಗಿನ ಮೈಸೂರು ರಾಜ್ಯದ ಹುಕ್ಕೇರಿ. ಬಳಕೆದಾರರೇ ಸದಸ್ಯರಾಗಿರುವ ಸಂಘ ಹಳ್ಳಿಗಳಿಗೆ ಕರೆಂಟು ಹಂಚುವ ವ್ಯವಸ್ಥೆ ಅದು.

ಆದರೆ ಸಹಕಾರ ಸಂಘವಾಗಲಿ ಸರಕಾರಿ ಮಂಡಳಿಯಾಗಲಿ, ಕರೆಂಟಿನ ಮೊದಲ ಗುರಿ ಪಂಪ್‌ಸೆಟ್ಟು. ಅಡುಗೆಮನೆಗೆ ಬಂದದ್ದು ಬಹುಕಾಲ ಒಂದು ಬಲ್ಬು ಮಾತ್ರ. ಗಿರಣಿಯ ಮೋಟರಿಗೆ ಮೂರು ಫೇಸ್ ಬೇಕು. ಮೂರು ಫೇಸ್ ದಿನಕ್ಕೆ ಕೆಲವೇ ತಾಸು. ಹೀಗಾಗಿ ಕರೆಂಟಿನ ವೇಳೆಯೇ ಗಿರಣಿಯ ವೇಳೆ, ಗಿರಣಿಯ ವೇಳೆಯೇ ಮನೆಯ ರೊಟ್ಟಿಯ ವೇಳೆ ಆಗಿತ್ತು. ಹಳ್ಳಿಯ ಮನೆಗಳಿಗೂ ಹೊಲದ ಪಂಪುಗಳಿಗೂ ಬೇರೆ ಬೇರೆ ಫೀಡರ್ ಹಾಕಿದ ನಿರಂತರ ಜ್ಯೋತಿಯಂಥ ಯೋಜನೆಗಳು ಬಂದ ಮೇಲೆಯೇ ಮಿಕ್ಸರು, ಫ್ರಿಜ್ಜು, ಒಂದೇ ಫೇಸಿನಲ್ಲಿ ಓಡುವ ಮನೆ ಗಿರಣಿಗಳಿಗೆ ಅರ್ಥ ಬಂತು.

ಕುಕ್ಕರ್, ಮಿಕ್ಸರ್, ಪೂರಣದ ಯಂತ್ರ

ಮುಚ್ಚಿದ ಪಾತ್ರೆಯಲ್ಲಿ ಹಬೆಯ ಒತ್ತಡ ಹೆಚ್ಚಿಸಿ ಬೇಯಿಸುವ ವಿದ್ಯೆಯನ್ನು ಫ್ರಾನ್ಸಿನ ಡೆನಿ ಪಾಪಿನ್ 1679ರಷ್ಟು ಹಿಂದೆಯೇ ತೋರಿಸಿದ್ದ. ಭಾರತದ ಅಡುಗೆಮನೆಗೆ ಅದು ಬಂದದ್ದು 1959ರಲ್ಲಿ, ಹಾಕಿನ್ಸ್ ಮತ್ತು ಪ್ರೆಸ್ಟೀಜ್ ಕುಕ್ಕರುಗಳ ಮೂಲಕ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟುವುದಿಲ್ಲ. ಕುಕ್ಕರಿನಲ್ಲಿ ಸುಮಾರು 120ಕ್ಕೆ ಏರುತ್ತದೆ. ಗಂಟೆಗಟ್ಟಲೆ ಕುದಿಯುತ್ತಿದ್ದ ತೊಗರಿ ಬ್ಯಾಳಿ ಕೆಲವು ಸೀಟಿಗೆ ಬೆಂದಿತು. ಹೋಳಿಗೆಗೆ ಕಡಲೆಬೇಳೆ ಬೇಯಿಸಿ, ಬಸಿದ ಕಟ್ಟಿನಿಂದ ಸಾರು ಮಾಡುವ ಹಬ್ಬದ ದಿನ ಇದರ ಬೆಲೆ ಗೊತ್ತಾಗುತ್ತಿತ್ತು.

ಮಿಕ್ಸರಿನ ಕಥೆ ಇನ್ನೂ ಸ್ವಾರಸ್ಯದ್ದು. ವಿದೇಶದ ಮಿಕ್ಸರುಗಳು ಹಣ್ಣಿನ ರಸಕ್ಕೆ, ಹಿಟ್ಟು ಕಲಸಲಿಕ್ಕೆ ಮಾಡಿದವು. ಒಣ ಮಸಾಲೆ ಹಾಕಿದರೆ ಮೋಟರು ಸುಡುತ್ತಿತ್ತು. ಮನೆಯಲ್ಲೇ ಈ ತೊಂದರೆ ಕಂಡ ಎಂಜಿನಿಯರ್ ಸತ್ಯಪ್ರಕಾಶ ಮಾಥುರ್ ಬಲವಾದ ಮೋಟರಿನ ಸುಮೀತ್ ಮಿಕ್ಸರನ್ನು 1963ರಲ್ಲಿ ತಂದರು. ದಕ್ಷಿಣದ ಮನೆಗಳಲ್ಲಿ ಅದು ಕಾಯಿ, ದೋಸೆ ಹಿಟ್ಟು ರುಬ್ಬಿತು. ಇಲ್ಲಿ ಅದರ ಕೆಲಸ ಶೇಂಗಾ, ಅಗಸಿ, ಗುರೆಳ್ಳಿನ ಹಿಂಡಿ ಮತ್ತು ಎಣ್ಣೆಗಾಯಿಯ ಮಸಾಲೆ. ಆದರೂ ಕಲ್ಲಿನಲ್ಲಿ ಕುಟ್ಟಿದ ಹಿಂಡಿಯ ತರಿ ಬೇಕೆನ್ನುವವರು ಮಿಕ್ಸರನ್ನು ತುಸು ತಿರುಗಿಸಿ ನಿಲ್ಲಿಸುತ್ತಾರೆ. ವರ್ಷದ ಖಾರವನ್ನು ಮಾತ್ರ ಇಂದಿಗೂ ಊರಿನ ಖಾರ ಕುಟ್ಟುವ ಯಂತ್ರಕ್ಕೇ ಒಯ್ಯುತ್ತಾರೆ.

ಇವೆರಡರ ಮುಂದೆ ಕೈಯಲ್ಲಿ ತಿರುವುವ ಪೂರಣದ ಯಂತ್ರ ಚಿಕ್ಕ ವಸ್ತು. ಕರೆಂಟು ಬೇಡ, ರಿಪೇರಿ ಬೇಡ. ಒರಳಿನಲ್ಲಿ ಹೂರಣ ರುಬ್ಬುವ ಕೆಲಸವನ್ನು ಅದು ಕುರ್ಚಿ ಮೇಲೆ ಕೂತ ಅಜ್ಜನೂ ಮಾಡಬಲ್ಲ ಕೆಲಸವಾಗಿಸಿತು.

ಒಲೆ, ಹೊಗೆ, ಸಿಲಿಂಡರ್

ಹತ್ತಿ ಕಟ್ಟಿಗೆ, ಜಾಲಿ, ಕುಳ್ಳು, ಗೋವಿನಜೋಳದ ದಂಟು, ಕಬ್ಬಿನ ರವದಿ: ಈ ಸೀಮೆಯ ಉರುವಲೆಲ್ಲ ಹೊಲದಿಂದಲೇ. ದುಡ್ಡು ಕೊಡಬೇಕಿಲ್ಲ, ಆದರೆ ಕೂಡಿಹಾಕುವ ದುಡಿಮೆ ಇದೆ, ಹೊಗೆ ಇದೆ. ಸಾದಾ ಒಲೆಯಲ್ಲಿ ಉರುವಲಿನ ಶಾಖದ ಹತ್ತನೇ ಒಂದು ಪಾಲಿನ ಆಸುಪಾಸು ಮಾತ್ರ ಪಾತ್ರೆಗೆ ತಲುಪುತ್ತದೆ. ಇದನ್ನು ತಿದ್ದಲು ಹೊರಟವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಖ್ಯ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ಹುಡುಕುತ್ತಾ ಹೊಗೆ ಕೊಳವೆಯುಳ್ಳ, ಮೂರು ಪಾತ್ರೆ ಇಡಬಹುದಾದ ಅಸ್ತ್ರ ಒಲೆಯನ್ನು ರೂಪಿಸಿತು. 1980ರ ದಶಕದಲ್ಲಿ ಕೇಂದ್ರ ಸರಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ನಡೆಸಿತು.

ಅನ್ನ, ಮುದ್ದೆ, ಸಾರಿನ ಅಡುಗೆಗೆ ಇಂಥ ಒಲೆ ಒಗ್ಗುತ್ತದೆ. ರೊಟ್ಟಿಯ ಬೇಡಿಕೆ ಬೇರೆ. ಅಗಲವಾದ ಹಂಚಿನ ತುಂಬ ಒಂದೇ ಸಮ ಉರಿ ಬೇಕು. ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಒಲೆಯ ಬಾಯಲ್ಲಿ ಕೆಂಡದ ಮುಂದೆ ಒರಗಿಸಿ ಉಬ್ಬಿಸಬೇಕು. ಬಾಯಿ ಕಿರಿದಾದಷ್ಟೂ ಉರುವಲು ಉಳಿಯುತ್ತದೆ, ರೊಟ್ಟಿಗೆ ತೊಡಕಾಗುತ್ತದೆ. ಯಾವ ಊಟಕ್ಕೆ ಒಲೆ ಎಂದು ಮೊದಲು ಕೇಳದೆ ಮಾಡಿದ ಸುಧಾರಣೆ ಅರ್ಧಕ್ಕೇ ನಿಲ್ಲುತ್ತದೆ.

ಅಡುಗೆ ಅನಿಲ ಮುಂಬೈಯಲ್ಲಿ 1955ರಲ್ಲಿ ಶುರುವಾದರೂ ದಶಕಗಳ ಕಾಲ ಅದು ಪೇಟೆಯ ಸೊತ್ತು. 2016ರ ಮೇ 1ರಂದು ಶುರುವಾದ ಉಜ್ವಲಾ ಯೋಜನೆ ಬಡ ಮನೆಗಳಿಗೆ ಸಿಲಿಂಡರ್ ತಲುಪಿಸಿತು. ಚಹಾ, ಉಪ್ಪಿಟ್ಟು, ಪಲ್ಯ ಗ್ಯಾಸಿಗೆ ಬಂದವು. ರೊಟ್ಟಿ ಮತ್ತು ಸ್ನಾನದ ನೀರು ಬಹಳ ಮನೆಗಳಲ್ಲಿ ಕಟ್ಟಿಗೆ ಒಲೆಯಲ್ಲೇ ಉಳಿದವು. ಇದು ಹಠವಲ್ಲ, ಲೆಕ್ಕ: ಒಟ್ಟಿಗೆ ಇಪ್ಪತ್ತು ಮೂವತ್ತು ರೊಟ್ಟಿ ಬೇಯಿಸುವಲ್ಲಿ ಸಿಲಿಂಡರ್ ಬೇಗ ಖಾಲಿಯಾಗುತ್ತದೆ, ಹೊಲದ ರವದಿಗೆ ಬೆಲೆ ಇಲ್ಲ.

ಕಾಲುವೆ ಬದಲಿಸಿದ ತಾಟು

ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟಿದ ರಾಜಾ ಲಖಮಗೌಡ ಜಲಾಶಯ 1977ರಲ್ಲಿ ಪೂರ್ಣವಾಯಿತು. ಅದರ ಸಾಮರ್ಥ್ಯ 51 ಟಿಎಂಸಿ. ಅಡುಗೆಯ ಚರಿತ್ರೆಯಲ್ಲಿ ಅಣೆಕಟ್ಟಿಗೇನು ಕೆಲಸ ಎನಿಸಬಹುದು. ನೀರು ಹರಿದ ಹೊಲದಲ್ಲಿ ಕಬ್ಬು, ಗೋವಿನಜೋಳ ಮೇಲಾದವು. ಬಿಳಿಜೋಳ ಒಣಬೇಸಾಯದ ಕಡೆಗೆ ಸರಿಯಿತು. ಮನೆಯ ಕಣಜದಲ್ಲಿದ್ದ ಜೋಳವನ್ನು ಸಂತೆಯಲ್ಲಿ ಕೊಳ್ಳುವ ಕಾಲ ಬಂತು. ಇನ್ನೊಂದು ಕಡೆ ಪಡಿತರದ ಅಕ್ಕಿ, ಅದರಲ್ಲೂ 2013ರ ಅನ್ನಭಾಗ್ಯದ ನಂತರ, ಅನ್ನವನ್ನು ದಿನದ ಊಟವಾಗಿಸಿತು. ಅಕ್ಕಿ ತೊಳೆದು ಕುಕ್ಕರಿಗಿಟ್ಟರೆ ಮುಗಿಯಿತು. ರೊಟ್ಟಿಗೆ ಒಬ್ಬರು ಕೂತೇ ಇರಬೇಕು. ಎಷ್ಟೋ ಮನೆಗಳಲ್ಲಿ ಅಡುಗೆ ಹಗುರಾದದ್ದು ಹೊಸ ಸಲಕರಣೆಯಿಂದಲ್ಲ, ಬದಲಾದ ಧಾನ್ಯದಿಂದ. ಅದರ ಬೆಲೆ ನಾರು ಕಡಿಮೆಯಾದ ಊಟ.

ತಿರುಗಿ ನೋಡಿದರೆ, ಇಲ್ಲಿಯ ಅಡುಗೆಗೆ ತನ್ನದೇ ದಿಢೀರ್ ಊಟ ಮೊದಲಿನಿಂದಲೂ ಇತ್ತು. ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ, ಡಬ್ಬಿಯಲ್ಲಿ ಹಿಂಡಿ, ಮೊಸರು, ಉಳ್ಳಾಗಡ್ಡಿ ಇದ್ದರೆ ಒಲೆ ಹಚ್ಚದೆ ಊಟ. ಬೇಸಿಗೆಯಲ್ಲಿ ಓಣಿಯ ಹೆಂಗಸರು ಕೂಡಿ ಶಾವಿಗೆ ಹೊಸೆದು, ಹಪ್ಪಳ, ಸಂಡಿಗೆ, ಕುರುಡಗಿ ಮಾಡಿಡುತ್ತಿದ್ದರು. ಇವತ್ತು ನಿಮ್ಮ ಮನೆಯದು, ನಾಳೆ ನಮ್ಮದು ಎಂಬ ಸರದಿ ಅದು. ಪಂಚಮಿಯ ಮುಂಚಿನ ರೊಟ್ಟಿ ಹಬ್ಬದಲ್ಲಿ ಖಡಕ್ ರೊಟ್ಟಿಯೂ ಬಗೆಬಗೆಯ ಪಲ್ಯವೂ ಮನೆಯಿಂದ ಮನೆಗೆ ಹೋಗುತ್ತವೆ. ಈ ಅಡುಗೆಯಲ್ಲಿದ್ದ ಖುಷಿ ಕೆಲಸ ಕಡಿಮೆ ಇದ್ದುದರಿಂದ ಬಂದದ್ದಲ್ಲ, ಜೊತೆ ಇದ್ದುದರಿಂದ ಬಂದದ್ದು. ಶಾವಿಗೆ ಯಂತ್ರ ತೋಳಿನ ನೋವು ಉಳಿಸಿತು. ಪಾಕೀಟಿನ ಶಾವಿಗೆ ಆ ಕೂಟವನ್ನೂ ಕಳೆಯಿತು.

ರೊಟ್ಟಿ ಹೊಸ್ತಿಲು ದಾಟಿತು

ಎಲ್ಲ ಕೆಲಸಗಳಲ್ಲಿ ಕೊನೆಯವರೆಗೂ ಯಂತ್ರಕ್ಕೆ ಬಗ್ಗದೆ ಉಳಿದದ್ದು ರೊಟ್ಟಿ ಬಡಿಯುವುದು. ಅದಕ್ಕೆ ಕಾರಣ ಜೋಳದ ಗುಣ. ಗೋಧಿಯ ಹಿಟ್ಟಿನಲ್ಲಿ ಗ್ಲುಟೆನ್ ಇದೆ, ಎಳೆದರೆ ಹಿಗ್ಗುತ್ತದೆ, ಲಟ್ಟಿಸಬಹುದು. ಜೋಳದಲ್ಲಿ ಅದಿಲ್ಲ. ಕುದಿಯುವ ಎಸರು ಹಾಕಿದಾಗ ಪಿಷ್ಟ ಅರೆಬೆಂದು ಅಂಟು ಬರುತ್ತದೆ. ಆ ಅಂಟಿನ ಬಲದ ಮೇಲೆ ಕೈಯಿಂದ ಬಡಿದು ಅಗಲ ಮಾಡಬೇಕು. ಹಿಟ್ಟಿನ ಹದ, ಎಸರಿನ ಬಿಸಿ ತುಸು ತಪ್ಪಿದರೂ ಅಂಚು ಬಿರಿಯುತ್ತದೆ. ಹಿಟ್ಟನ್ನು ಹಾಳೆಯಾಗಿ ಒತ್ತಿ, ದುಂಡಗೆ ಕತ್ತರಿಸಿ, ಉಳಿದ ಅಂಚನ್ನು ಮತ್ತೆ ಕಣಕಕ್ಕೆ ಸೇರಿಸುವ ಯಂತ್ರಗಳು ಬಂದ ಮೇಲೆ ಈ ತೊಡಕು ದಾಟಿತು.

ಇಂದು ಉತ್ತರ ಕರ್ನಾಟಕದ ಊರೂರುಗಳಲ್ಲಿ ರೊಟ್ಟಿ ಕೇಂದ್ರಗಳಿವೆ. ಬಹಳ ಕಡೆ ನಡೆಸುವವರು ಹೆಂಗಸರು, ಸ್ವಸಹಾಯ ಸಂಘಗಳು. ಮನೆಯಲ್ಲಿ ಕೂಲಿ ಇಲ್ಲದೆ ಮಾಡಿದ ಕೆಲಸಕ್ಕೆ ಇಲ್ಲಿ ದರ ಇದೆ. ಗಿರಣಿಯಲ್ಲಿ ಆದದ್ದೇ ಇಲ್ಲಿಯೂ ಆಗುತ್ತಿದೆ: ರೊಟ್ಟಿ ಬಡಿಯಲು ಬಾರದ ಮಗ ಕೆಲಸದಿಂದ ಬರುವಾಗ ರೊಟ್ಟಿ ಕಟ್ಟು ಹಿಡಿದು ಬರುತ್ತಾನೆ. ದಕ್ಷಿಣದ ಮನೆಗಳಲ್ಲಿ ಎಂಟಿಆರ್ ಮಿಶ್ರಣಗಳು, 2005ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಡಿ ಕಂಪನಿಯ ದೋಸೆ ಹಿಟ್ಟು ಮಾಡಿದ ಕೆಲಸವನ್ನು ಇಲ್ಲಿ ಊರಿನ ರೊಟ್ಟಿ ಕೇಂದ್ರ ಮಾಡುತ್ತಿದೆ; ದುಡ್ಡು ಊರಲ್ಲೇ ಉಳಿಯುತ್ತದೆ ಎಂಬುದೇ ವ್ಯತ್ಯಾಸ.

ಮನೆಯೊಳಗೆ ಉಳಿದದ್ದು

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಬರೆದ ‘ಮೋರ್ ವರ್ಕ್ ಫಾರ್ ಮದರ್’ ಕೃತಿಯ ವಾದ ಇದು: ಯಂತ್ರಗಳು ಮನೆಗೆ ಬಂದಾಗ ಗಂಡಸರ, ಮಕ್ಕಳ ಪಾಲಿನ ಕೆಲಸ ಇಲ್ಲವಾಯಿತು, ತಾಯಿಯ ಪಾಲಿನದು ಉಳಿಯಿತು. ನಮ್ಮ ಅಂಕಿಗಳೂ ಅದರಿಂದ ದೂರವಿಲ್ಲ. ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಕೊಟ್ಟ ಸಮಯ 299 ನಿಮಿಷ, ಮಾಡುವ ಗಂಡಸರು ಕೊಟ್ಟದ್ದು 97. 2024ರಲ್ಲಿ ಅದು 289 ಮತ್ತು 88. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು, ಗಂಡಸರಿಗೆ ಒಂಬತ್ತು.

ಹೀಗಾಗಿ ಹಿಡಕಲ್ ಸೀಮೆಯ ಅನುಭವ ಎರಡು ಕೆಲಸಗಳ ಕಡೆಗೆ ಬೆರಳು ಮಾಡುತ್ತದೆ. ಒಂದು, ಹೊರಗೆ ಹೋಗಬಲ್ಲ ಕೆಲಸಕ್ಕೆ ಊರಲ್ಲೇ ಜಾಗ ಮಾಡುವುದು: ರೊಟ್ಟಿ ಕೇಂದ್ರ, ಖಾರ ಕುಟ್ಟುವ ಯಂತ್ರ, ಶಾವಿಗೆ ಯಂತ್ರ ಒಂದೇ ಸೂರಿನಡಿ ಇದ್ದರೆ ಬೇಸಿಗೆಯ ಆ ಹಳೆಯ ಕೂಟಕ್ಕೂ ಜಾಗ ಸಿಗುತ್ತದೆ. ಕರೆಂಟನ್ನೇ ಸಹಕಾರದಲ್ಲಿ ಹಂಚಿಕೊಂಡ ತಾಲೂಕಿಗೆ ಇದು ದೊಡ್ಡ ಮಾತಲ್ಲ. ಎರಡು, ಹೊರಗೆ ಹೋಗಲಾರದ ಕೆಲಸವನ್ನು ಮನೆಯೊಳಗೆ ಹಂಚಿಕೊಳ್ಳುವುದು. ಗಂಡಸರಿಗೆ ಅಡುಗೆ ಬರುವುದಿಲ್ಲ ಎಂಬ ಮಾತು ಈ ಸೀಮೆಯಲ್ಲಿ ನಡೆಯುವುದಿಲ್ಲ. ಮಠದ ದಾಸೋಹಕ್ಕೆ, ಜಾತ್ರೆಗೆ, ಮದುವೆಗೆ ಸಾವಿರ ಜನರ ಅಡುಗೆ ಮಾಡುವವರು ಅವರೇ. ಕೊಪ್ಪರಿಗೆಯಲ್ಲಿ ಗೋಧಿ ಹುಗ್ಗಿ ತಿರುವಬಲ್ಲ ಕೈಗೆ ಮನೆಯ ಕುಕ್ಕರಿನ ಮುಚ್ಚಳ ಹೊಸ ವಿದ್ಯೆಯೇನಲ್ಲ.