ಗೋಡೆಗೊಂದು ಮೊಳೆ

ನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದು, ಹೋದ ವರ್ಷ ನಾವು ಡೊಂಬಿವಲಿಯ ನಮ್ಮ ಸ್ವಂತ ಮನೆಗೆ ಮರಳಿ ಬಂದೆವು. ಮರಳಿ ಅಂದರೆ ಅದೇ ಜಾಗಕ್ಕೆ ಅಷ್ಟೇ. ಹಳೆಯ ಮೂರಂತಸ್ತಿನ ಕಟ್ಟಡವನ್ನು ಕೆಡವಿ ಬಿಲ್ಡರ್ ಹೊಸದನ್ನು ಕಟ್ಟಿದ್ದ. ಹಾಲು ಉಕ್ಕಿಸಿದ್ದಾಯಿತು, ಗ್ಯಾಸು ಬಂತು, ಇನ್ನು ಹಾಲ್ ಸಜ್ಜುಗೊಳಿಸುವುದೊಂದು ಬಾಕಿ. ಸೊಲ್ಲಾಪುರದ ಕನ್ನಡದ ಮನೆಯಿಂದ ಬಂದ ನಮ್ಮ ಸೊಸೆ ಟೇಪು, ಪೆನ್ಸಿಲು ಹಿಡಿದು ನಿಂತಳು.

ಅವಳ ಹತ್ತಿರ ಎಲ್ಲಕ್ಕೂ ಲೆಕ್ಕ ಇತ್ತು. ಚಿತ್ರದ ನಡುಭಾಗ ನೆಲದಿಂದ 57 ಇಂಚು ಎತ್ತರಕ್ಕೆ ಬರಬೇಕು, ಮ್ಯೂಸಿಯಮ್ಮುಗಳಲ್ಲಿ ಹಾಗೇ ತೂಗುಹಾಕ್ತಾರೆ. ಸೋಫಾದ ಮೇಲಿನ ಚಿತ್ರ ಸೋಫಾದ ಮೂರನೇ ಎರಡು ಭಾಗದಷ್ಟಾದರೂ ಅಗಲ ಇರಬೇಕು. ಪಕ್ಕದ ಟೇಬಲ್ಲು ಸೋಫಾದ ಕೈಯಷ್ಟೇ ಎತ್ತರ ಇರಬೇಕು. ನಡುವಿನ ಟೀಪಾಯಿಗೂ ಸೋಫಾಕ್ಕೂ ಒಂದೂವರೆ ಅಡಿ ಅಂತರ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದ ನನಗೆ ಇದೆಲ್ಲ ಹಿಡಿಸಿತು. ತಕರಾರು ಬಂದದ್ದು ನಮ್ಮ ಅಪ್ಪನ ಫೋಟೋದ ವಿಷಯಕ್ಕೆ.

ನಾನು ಬಾಗಿಲ ಮೇಲೆ, ಚಾವಣಿಗೆ ಹತ್ತಿರ, ಸ್ವಲ್ಪ ಮುಂದಕ್ಕೆ ಬಾಗಿಸಿ ಹಾಕಬೇಕೆಂದೆ. “ಮಾವಾರ, ಅಷ್ಟ ಎತ್ತರಕ್ಕ ಹಾಕಿದ್ರ ಯಾರಿಗೆ ಕಾಣತೈತ್ರಿ?” ಎಂದಳು. ಹಿರಿಯರ ಫೋಟೋ ಎತ್ತರದಲ್ಲೇ ಇರಬೇಕೆಂದು ನಾನು ಪಟ್ಟು ಹಿಡಿದೆ. ಒಳಗಿನಿಂದ ನನ್ನ ಹೆಂಡತಿ ಅಂದಳು: “ಹನ್ನೊಂದು ವರ್ಷ ಒಂದು ಮಳಿ ಹೊಡ್ಯಾಕ ಬಿಡಲಿಲ್ಲ, ಈಗ ಮಳಿ ಎಲ್ಲಿ ಹೊಡೀಬೇಕಂತ ಜಗಳ!”

ಆ ಮಾತು ನನಗೆ ನಾಟಿತು. ಊರಿನಲ್ಲಿರುವ ನಿಮಗೆ ಗೋಡೆಗೆ ಮೊಳೆ ಹೊಡೆಯುವುದು ಒಂದು ಸುದ್ದಿಯೇ ಅಲ್ಲ. ಹೊರನಾಡಿಗೆ ಬಂದವರ ಮನೆಯಲ್ಲಿ ಅದೊಂದು ದೊಡ್ಡ ನಿರ್ಧಾರ.

ನಮ್ಮ ಹಳ್ಳಿ ಧಾರವಾಡದ ಹತ್ತಿರ. ನಮ್ಮ ಮನೆಯಲ್ಲಿ ‘ಹಾಲ್’ ಅನ್ನುವುದಿರಲಿಲ್ಲ, ಪಡಸಾಲೆ ಇತ್ತು. ಅಲ್ಲಿ ಸಾಮಾನು ಕಡಿಮೆ. ದೀಪಕ್ಕೆ ಗೋಡೆಯಲ್ಲೇ ಮಾಡ, ಅಂಗಿ ರುಮಾಲಿಗೆ ಗಿಳಿಗೂಟ, ಬಂದವರಿಗೆ ನವಲಗುಂದದ ಜಮಖಾನೆ, ಒರಗಲಿಕ್ಕೆ ಲೋಡು. ಜಂತಿಯ ಕೆಳಗೆ ಸಾಲಾಗಿ ಕಟ್ಟು ಹಾಕಿದ ಚಿತ್ರಗಳು, ನಡುವೆ ಒಂದು ಲಕ್ಷ್ಮಿ. ಎಲ್ಲವೂ ದಾರದಲ್ಲಿ ತೂಗಿ ಮುಂದಕ್ಕೆ ಬಾಗಿದವು. ಹಾಗೇಕೆ ಬಾಗಿಸುತ್ತಿದ್ದರು ಅಂತ ಚಿಕ್ಕಂದಿನಲ್ಲಿ ಯಾರೂ ಕೇಳಲಿಲ್ಲ. ಈಗ ಯೋಚಿಸಿದರೆ ಸರಳ ಅನಿಸುತ್ತದೆ. ನೆಲದ ಮೇಲೆ ಕೂತವನು ತಲೆ ಎತ್ತಿ ನೋಡುತ್ತಾನೆ, ಚಿತ್ರ ಬಾಗಿ ಅವನನ್ನು ನೋಡುತ್ತದೆ. ನೇರ ನಿಲ್ಲಿಸಿದರೆ ಗಾಜಿನಲ್ಲಿ ಬಾಗಿಲ ಬೆಳಕು ಮಾತ್ರ ಕಾಣುತ್ತದೆ. ದೇವರಿಗೂ ಹಿರಿಯರಿಗೂ ನಮ್ಮ ತಲೆಗಿಂತ ಮೇಲೆ ಜಾಗ ಅನ್ನುವ ನಂಬಿಕೆಯೂ ಅದಕ್ಕೆ ಸೇರಿಕೊಂಡಿತ್ತು. ಸೊಸೆಯ 57 ಇಂಚು ನಿಂತು ನೋಡುವವರ ಲೆಕ್ಕ. ನಮ್ಮದು ನೆಲದ ಮೇಲೆ ಕೂತವರ ಲೆಕ್ಕ.

ಈ ಚಿತ್ರಗಳು ನಮ್ಮ ಕಡೆಗೆ ಬಂದದ್ದು ಮುಂಬಯಿ, ಪುಣೆಗಳಿಂದ. 1956ರ ನವೆಂಬರ್ 1ರ ತನಕ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಪುಣೆಯಲ್ಲಿ 1878ರಲ್ಲಿ ಚಿತ್ರಶಾಳಾ ಪ್ರೆಸ್ ಶುರುವಾಯಿತು. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ಕಲ್ಲಚ್ಚಿನ ಛಾಪಖಾನೆ ತೆರೆದ. ಕೆಲವು ವರ್ಷಗಳಲ್ಲಿ ಅದು ಲೋಣಾವಳಾ ಹತ್ತಿರದ ಮಳವಲಿಗೆ ಹೋಯಿತು. ನಷ್ಟ ಹೆಚ್ಚಾದಾಗ ಅಲ್ಲಿಯ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರನೇ ಅದನ್ನು ಕೊಂಡುಕೊಂಡ. ಅರಮನೆಯವರ ಎಣ್ಣೆಬಣ್ಣದ ಚಿತ್ರ ಅಚ್ಚಾಗಿ ಬಡವರ ಪಡಸಾಲೆಗೂ ಬಂತು. ದೇವರ ಮನೆಯಲ್ಲಿದ್ದ ದೇವರು ಹೀಗೆ ಹೊರಗಿನ ಗೋಡೆಗೂ ಬಂದರು.

ಪಡಸಾಲೆ ಬಿಟ್ಟು ನಾನು ಮುಂಬಯಿಗೆ ಬಂದದ್ದು 1981ರಲ್ಲಿ, ಧಾರವಾಡದಲ್ಲಿ ಎಂಕಾಂ ಮುಗಿಸಿ. ಲಾಲ್‌ಬಾಗಿನ ಒಂದು ಚಾಳಿನಲ್ಲಿ ನಮ್ಮ ಸೋದರಮಾವನ ಖೋಲಿ. ಹತ್ತು ಅಡಿಗೆ ಹನ್ನೆರಡು ಅಡಿ, ಮೂಲೆಯಲ್ಲಿ ಮೋರಿ, ಮೇಲೆ ಮರದ ಮಾಳಾ. ಹಗಲು ಅದೇ ಬೈಠಕ್, ರಾತ್ರಿ ಅದೇ ಆರು ಜನರ ಹಾಸಿಗೆ. ಅಲ್ಲಿ ಸೋಫಾಕ್ಕೂ ಟೀಪಾಯಿಗೂ ಒಂದೂವರೆ ಅಡಿ ಅಂತರ ಎಲ್ಲಿಂದ ತರುವುದು? ನೆಲದ ಮೇಲೆ ಜಾಗ ಇಲ್ಲದವರಿಗೆ ಗೋಡೆಯೇ ಆಸ್ತಿ. ಒಂದು ಹಲಗೆಯ ಮೇಲೆ ರೇಡಿಯೋ, ಅದಕ್ಕೆ ಅತ್ತೆ ಹೆಣೆದ ಕ್ರೋಶಾದ ಮುಸುಕು. ಪಕ್ಕಕ್ಕೆ ಗೋಡೆ ಗಡಿಯಾರ. ಮೇಲೆ ಯಲ್ಲಮ್ಮ, ಸಿದ್ಧಾರೂಢರು, ಒಂದು ಕ್ಯಾಲೆಂಡರು.

1982ರ ಜನವರಿ 18ಕ್ಕೆ ಗಿರಣಿ ಮುಷ್ಕರ ಶುರುವಾಯಿತು. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗುಳಿದರು. ಅವರಲ್ಲಿ ನಮ್ಮ ಮಾವನೂ ಒಬ್ಬ. ತಿಂಗಳುಗಟ್ಟಲೆ ಪಗಾರ ಇಲ್ಲ. ನನ್ನ ಪಗಾರದಲ್ಲಿ ಕೊಟ್ಟದ್ದನ್ನು ಮಾವ ಅರ್ಧಂಬರ್ಧ ತಗೊಳ್ತಿದ್ದ. ಮೊದಲು ರೇಡಿಯೋ ಹೋಯಿತು. ಆಮೇಲೆ ತಾಮ್ರದ ಹಂಡೆ, ಗಡಿಯಾರ. ಗಡಿಯಾರ ಇದ್ದಲ್ಲಿ ಸುಣ್ಣದ ಮೇಲೆ ಬೆಳ್ಳಗೆ ಒಂದು ದುಂಡನೆಯ ಗುರುತು ಉಳಿಯಿತು. ಮೊಳೆ ಕೀಳಲೇನು ಅಂತ ಕೇಳಿದ್ದಕ್ಕೆ ಮಾವ, “ಇರಲಿ ಬಿಡೋ, ಗಡಿಯಾರ ಮತ್ತ ಬರ್ತೈತಿ” ಎಂದ. ಬರಲಿಲ್ಲ. ಯಾರೂ ದುಡ್ಡು ಕೊಡದ ದೇವರ ಚಿತ್ರಗಳನ್ನು ಕಟ್ಟಿಕೊಂಡು 1984ರಲ್ಲಿ ಅವರ ಸಂಸಾರ ಊರಿಗೆ ಹೋಯಿತು. ನಾನು ಬಾಡಿಗೆ ಕೋಣೆ ಹುಡುಕಿಕೊಂಡೆ.

ಎಲ್ಲರೂ ಹೀಗೇ ಬದುಕಿದರೆಂದಲ್ಲ. 1896ರ ಪ್ಲೇಗಿನ ನಂತರ, 1898ರಲ್ಲಿ ಸ್ಥಾಪನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾ ಕಡೆ ಹೊಸ ಬಡಾವಣೆಗಳನ್ನು ಹಾಕಿತು. ಅಲ್ಲಿ ದಕ್ಷಿಣದವರು ಬಹಳ ಜನ ನೆಲೆಸಿದರು. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇರುವುದೂ ಮಾಟುಂಗಾದಲ್ಲೇ. ಅಲ್ಲಿಯ ಫ್ಲ್ಯಾಟುಗಳಲ್ಲಿ ಕೂರುವ ಕೋಣೆ ಬೇರೆ, ಮಲಗುವ ಕೋಣೆ ಬೇರೆ. ಆ ಕೂರುವ ಕೋಣೆಯಲ್ಲಿ ಏನಿಡಬೇಕು ಅನ್ನುವುದು ಮಧ್ಯಮವರ್ಗಕ್ಕೆ ಹೊಸ ಪ್ರಶ್ನೆ. 1937ರಲ್ಲಿ ಭಾರತೀಯ ವಾಸ್ತುಶಿಲ್ಪಿಗಳ ಸಂಸ್ಥೆ ಮುಂಬಯಿಯ ಟೌನ್‌ಹಾಲಿನಲ್ಲಿ ‘ಐಡಿಯಲ್ ಹೋಮ್’ ಅಂತ ಪ್ರದರ್ಶನವನ್ನೇ ಇಟ್ಟಿತ್ತು. ನಮ್ಮ ಸೊಸೆಯ ಟೇಪಿಗೆ ಅಷ್ಟು ಹಳೆಯ ವಂಶಾವಳಿ ಇದೆ!

ಈ ಹೊಸ ಕೋಣೆಯ ಮಹಾರಾಜ ಟೀಪಾಯಿ. ಚಹಾ ಇಡುವುದರಿಂದ ಟೀಪಾಯಿ ಅಂತ ನಾನು ಬಹಳ ದಿನ ತಿಳಿದಿದ್ದೆ. ಚಹಾಕ್ಕೂ ಅದಕ್ಕೂ ಸಂಬಂಧವಿಲ್ಲ. ತೀನ್ ಅಂದರೆ ಮೂರು, ಪಾಯಿ ಅಂದರೆ ಪಾರ್ಸಿಯಲ್ಲಿ ಕಾಲು. ನಮ್ಮ ಮುಕ್ಕಾಲಿಯೇ ಅದು. ಇಂಗ್ಲಿಷರು ಈ ಹಿಂದೂಸ್ತಾನಿ ಮಾತನ್ನು ತಗೊಂಡು, ‘ಟೀ’ ಎಂದರೆ ತಮ್ಮ ಚಹಾ ಎಂದು ಭಾವಿಸಿ, ಚಹಾಪುಡಿಯ ಡಬ್ಬಿ ಇಡುವ ಮೇಜಿಗೂ ಅದೇ ಹೆಸರು ಕೊಟ್ಟರು. ಮೂರು ಕಾಲಿನ ಪೀಠದ ಗುಣ ಏನೆಂದರೆ ಎಂಥ ತಗ್ಗುದಿನ್ನೆಯ ನೆಲದಲ್ಲೂ ಅದು ಅಲುಗಾಡದೆ ಕೂರುತ್ತದೆ. ನಾಲ್ಕು ಕಾಲಿನದಕ್ಕೆ ನೆಲ ಸಪಾಟಾಗಿರಬೇಕು. ನೆಲ ಸಪಾಟಾದಂತೆ ಟೀಪಾಯಿಗೆ ನಾಲ್ಕನೇ ಕಾಲು ಬಂತು, ಹೆಸರಿನಲ್ಲಿ ಮಾತ್ರ ಮೂರೇ ಉಳಿಯಿತು.

1985ರಲ್ಲಿ ನನ್ನ ಮದುವೆಯಾಯಿತು. ಆಗ ನಮ್ಮ ಟೀಪಾಯಿ ಅಂದರೆ ನಾನು ಊರಿಂದ ತಂದ ಕಬ್ಬಿಣದ ಟ್ರಂಕು. ಮೇಲೆ ನನ್ನ ಅವ್ವ ಕಸೂತಿ ಹಾಕಿದ ಬಟ್ಟೆ. ಬ್ಯಾಂಕಿನವರಿಗೆ ಮೂರು ವರ್ಷಕ್ಕೊಮ್ಮೆ ವರ್ಗ. ಬ್ಯಾಂಕು ಬಾಡಿಗೆಗೆ ಹಿಡಿದ ಮನೆ, ಮಾಲಿಕರ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಕೂಡದು ಅಂತ ಒಂದು ಸಾಲು. ನಿಜ ಹೇಳಬೇಕೆಂದರೆ ಆ ಸಾಲು ನನಗೆ ಒಂದು ನೆಪ. “ಇನ್ನೇನು ಹುಬ್ಬಳ್ಳಿಗೋ ಧಾರವಾಡಕ್ಕೋ ವರ್ಗ ಸಿಗ್ತೈತಿ, ಇಲ್ಲಿ ಯಾಕ ಇದೆಲ್ಲ?” ಅಂತ ಹೆಂಡತಿಗೆ ಹೇಳ್ತಿದ್ದೆ. ಅವಳು ಕೇಳಿದ್ದು ಒಂದೇ, ಕುರ್ಚಿಯ ಪಕ್ಕಕ್ಕೆ ಒಂದು ಸಣ್ಣ ಮೇಜು. ಅದನ್ನೂ ಮುಂದೂಡಿದೆ.

1989ರಲ್ಲಿ ಅಪ್ಪ ಬಂದಿದ್ದರು. ಬೋಳು ಗೋಡೆಗಳನ್ನು ನೋಡಿ, “ಇದೇನು ಮನೀನೋ, ಲಾಡ್ಜೋ?” ಎಂದರು. ನಾನು ನಕ್ಕೆ. 1993ರಲ್ಲಿ ಅಪ್ಪ ತೀರಿಕೊಂಡರು. ಅವರ ಫೋಟೋಕ್ಕೆ ಕಟ್ಟು ಹಾಕಿಸಿದೆ, ಆದರೆ ತೂಗುಹಾಕಲು ಮೊಳೆ ಇಲ್ಲ. ಮೂರು ವರ್ಷ ಟ್ರಂಕಿನ ಮೇಲೆ, ಗೋಡೆಗೆ ಒರಗಿಸಿ ಇಟ್ಟಿದ್ದೆವು. ಯಾರಾದರೂ ಬಂದರೆ ಚಹಾದ ಕಪ್ಪು ಇಡಲು ಅಪ್ಪನನ್ನು ಸರಿಸಬೇಕಾಗುತ್ತಿತ್ತು. ಆ ನೆನಪು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. 1996ರಲ್ಲಿ ಡೊಂಬಿವಲಿಯಲ್ಲಿ ಮನೆ ಕೊಂಡೆವು. ಮೊದಲ ದಿನ ನಾನು ಹೊಡೆದ ಮೊಳೆ ಅಪ್ಪನ ಫೋಟೋದ್ದು, ಬಾಗಿಲ ಮೇಲೆ.

ಆ ಹೊತ್ತಿಗೆ ಹಾಲಿನ ದಿಕ್ಕೇ ಬದಲಾಗಿತ್ತು. ಮುಂಬಯಿ ದೂರದರ್ಶನ 1972ರ ಅಕ್ಟೋಬರ್ 2ರಂದು ಶುರುವಾದದ್ದು, 1982ರ ಏಷ್ಯಾಡಿಗೆ ಬಣ್ಣ ಬಂತು. ಒಂದಕ್ಕೊಂದು ಎದುರಾಗಿದ್ದ ಕುರ್ಚಿಗಳೆಲ್ಲ ಟಿವಿಯ ಕಡೆ ತಿರುಗಿದವು. ಟಿವಿಯ ಸುತ್ತ ಸನ್ಮೈಕಾ ಹಚ್ಚಿದ, ಗಾಜಿನ ಬಾಗಿಲಿನ ಶೋಕೇಸು ಎದ್ದಿತು. ಡೊಂಬಿವಲಿ, ಮುಲುಂಡ್, ಚೆಂಬೂರಿನ ಕನ್ನಡದ ಮನೆಗಳಿಗೆ ಹೋದಾಗ ನಾನು ಆ ಶೋಕೇಸುಗಳನ್ನು ನೋಡುತ್ತಿದ್ದೆ. ಚನ್ನಪಟ್ಟಣದ ಬೊಂಬೆ, ಗೋಕಾಕದ ಮರದ ಹಣ್ಣು, ಕಿನ್ನಾಳದ ಗಿಳಿ, ಬೀದರದ ಬಿದರಿ ಹೂದಾನಿ. ದಕ್ಷಿಣ ಕನ್ನಡದವರಾದರೆ ಯಕ್ಷಗಾನದ ಒಂದು ಕಿರೀಟ.

ಊರಲ್ಲಿ ಇವುಗಳನ್ನು ಹೀಗೆ ಗಾಜಿನ ಹಿಂದೆ ಇಟ್ಟದ್ದನ್ನು ನಾನು ಕಂಡಿರಲಿಲ್ಲ. ಚನ್ನಪಟ್ಟಣದ ಬೊಂಬೆ ಮಕ್ಕಳು ಬಾಯಿಗೆ ಹಾಕಿಕೊಳ್ಳುವುದಕ್ಕಿದ್ದದ್ದು. ಬಿದರಿಯವರು ಹಿಂದೆ ಮಾಡುತ್ತಿದ್ದದ್ದು ಹುಕ್ಕಾದ ಬುಡ, ಎಲೆಯಡಿಕೆಯ ಡಬ್ಬಿ, ಹೂಜಿ. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ದಿನಬಳಕೆಯ ಸಾಮಾನು. ಜಮಖಾನೆ ಇರುವುದು ಹಾಸಲಿಕ್ಕೆ, ಗೋಡೆಗೆ ತೂಗುಹಾಕಲಿಕ್ಕಲ್ಲ. ಐದುನೂರು ಕಿಲೋಮೀಟರ್ ದಾಟಿ ಬಂದ ಮೇಲೆ ಬಳಸುವ ವಸ್ತು ನೋಡುವ ವಸ್ತು ಆಗುತ್ತದೆ. ನಾವೂ ಊರಿನ ಪಾಲಿಗೆ ಹಾಗೇ ಆಗಿದ್ದೆವೋ ಏನೋ. ಹಬ್ಬಕ್ಕೆ ಹೋದಾಗ ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ ಉಪಚಾರ ಮಾಡ್ತಿದ್ದರು, ಕೆಲಸ ಯಾರೂ ಹೇಳ್ತಿರಲಿಲ್ಲ.

ಫೋಟೋದ ಜಗಳ ಇನ್ನೂ ಬಗೆಹರಿಯದಿದ್ದಾಗಲೇ ತಮ್ಮನ ಫೋನು ಬಂತು. “ಅಣ್ಣಾ, ಈ ಮಳಿಗಾಲದಾಗ ಪಡಸಾಲಿ ಗ್ವಾಡಿ ಬಿತ್ತು. ಗಿರಾಕಿ ಬಂದಾನ. ಮಾರೂಣೇನು?” ನಿವೃತ್ತಿಯಾದ ಮೇಲೆ ಅಲ್ಲೇ ಹೋಗಿ ಇರುತ್ತೇನೆ ಅಂತ ಮೂವತ್ತು ವರ್ಷ ಹೇಳುತ್ತ ಬಂದವನು ನಾನು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಹೋಗಿರಲಿಲ್ಲ. ಬೇಡ ಅನ್ನುವುದಕ್ಕೆ ನನಗೆ ಬಾಯಿ ಇರಲಿಲ್ಲ. ಹೋಗಿ ಸಹಿ ಮಾಡಿದೆ. ಬರುವಾಗ ತಮ್ಮ ಪಡಸಾಲೆಯ ಲಕ್ಷ್ಮಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟ.

ರಾತ್ರಿ ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ. ಬೆಳಗಾದ ಮೇಲೆ ಬಿಚ್ಚಿ ನೋಡಿದರೆ ಕೆಳಗಿನ ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ: ರವಿವರ್ಮ ಪ್ರೆಸ್, ಕಾರ್ಲಾ-ಲೋಣಾವಳಾ. ಬಾಲ್ಯದಲ್ಲಿ ದಿನಾ ನೋಡಿದ ಚಿತ್ರ, ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಪುಣೆ ದಾಟಿ ಲೋಣಾವಳಾಕ್ಕಿಂತ ಮೊದಲು ಮಳವಲಿ ಸ್ಟೇಷನ್ ಬಂತು. ಗಾಡಿ ನಿಲ್ಲಲಿಲ್ಲ. ಆ ಛಾಪಖಾನೆ 1972ರಲ್ಲಿ ಬೆಂಕಿಗೆ ಆಹುತಿಯಾಯಿತಂತೆ. ಇಲ್ಲಿ ಅಚ್ಚಾಗಿ ನಮ್ಮ ಹಳ್ಳಿಗೆ ಹೋದ ಲಕ್ಷ್ಮಿ, ಅಜ್ಜನ ಕಾಲದಿಂದ ಅಲ್ಲಿ ಬಾಳಿ, ಈಗ ಅದೇ ದಾರಿಯಲ್ಲಿ ವಾಪಸ್ ಬರುತ್ತಿದ್ದಳು. ಊರನ್ನು ಮುಂಬಯಿಗೆ ಹೊತ್ತು ತರುತ್ತಿದ್ದೇನೆ ಅಂದುಕೊಂಡಿದ್ದ ನನಗೆ ನಗು ಬಂತು, ಕಣ್ಣೂ ತುಂಬಿತು.

ಮನೆಗೆ ಬಂದು ಸೊಸೆಗೆ ಹೇಳಿದೆ, “ನಿನ್ನ ಲೆಕ್ಕದಾಂಗ ಮಾಡವ್ವ. ಆದರ ಒಂದು ತಿದ್ದುಪಡಿ. ಹಾಲಿನ್ಯಾಗ ನಾವು ನಿಲ್ಲೂದಿಲ್ಲ, ಕೂಡತೀವಿ.” ಅವಳು ನನ್ನನ್ನು ಸೋಫಾದ ಮೇಲೆ ಕೂರಿಸಿ ಕಣ್ಣಿನ ಎತ್ತರ ಅಳೆದು, ಎದುರಿನ ಗೋಡೆಗೆ ಗುರುತು ಹಾಕಿದಳು. ಅಪ್ಪ ಮತ್ತು ಲಕ್ಷ್ಮಿ ಈಗ ಅಕ್ಕಪಕ್ಕದಲ್ಲಿದ್ದಾರೆ, ಬಾಗಿಲ್ಲ, ನೇರವಾಗಿ. ಇಷ್ಟು ವರ್ಷ ಅಪ್ಪನನ್ನು ತಲೆ ಎತ್ತಿ ನೋಡುತ್ತಿದ್ದೆ. ಎದುರೆದುರು ಕೂತು ನೋಡಿದಾಗ ಅವರ ಎಡಗಣ್ಣಿನ ಕೆಳಗೆ ಒಂದು ಮಚ್ಚೆ ಇರುವುದು ಕಂಡಿತು. ನನಗೂ ಅಲ್ಲೇ ಇದೆ.

ಟ್ರಂಕಿನ ಎತ್ತರ ಅಳೆದಾಗ ಸೋಫಾದ ಕೈಗಿಂತ ಎರಡೇ ಇಂಚು ಕಡಿಮೆ ಇತ್ತು, ನಡೆಯುತ್ತದೆ ಎಂದಳು. ತುಕ್ಕು ಉಜ್ಜಿ ಬಣ್ಣ ಹಚ್ಚಿಸಿದೆವು. ಅವ್ವನ ಕಸೂತಿ ಬಟ್ಟೆ ಮೇಲೆ ಬಂತು. ಅದು ಇರುವುದು ನನ್ನ ಹೆಂಡತಿ ಕೂರುವ ಕಡೆಗೆ. ಅವಳ ಚಷ್ಮಾ, ನೀರಿನ ತಂಬಿಗೆ, ಓದುತ್ತಿರುವ ಪುಸ್ತಕ ಅದರ ಮೇಲಿರುತ್ತವೆ. ಬೇರೆಯವರು ಕಪ್ಪು ಇಡಲು ಬಂದರೆ ಅವಳು ಬಿಡುವುದಿಲ್ಲ.